ಲೆಕ್ಕದ ಹಾಳೆಗೊಂದು ಸೇರ್ಪಡೆ

ಬ್ಯಾಂಕಿನ ಚೆಕ್ಕನ್ನು ನೀವು ಬರೆದೇ ಇರುತ್ತೀರಿ. ಮೊತ್ತವನ್ನು ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ ಬರೆಯುವುದು ರೂಢಿ. ಅಂಕಿಯನ್ನು ತಿದ್ದುವುದು ಸುಲಭ, ಅಕ್ಷರವನ್ನು ತಿದ್ದುವುದು ಅಷ್ಟು ಸುಲಭವಲ್ಲ. ಒಂದೆರಡು ಚೆಕ್ಕುಗಳಾದರೆ ಚಿಂತೆಯಿಲ್ಲ. ಆದರೆ ಸಹಕಾರ ಸಂಘವೊಂದರ ಗುಮಾಸ್ತರು ತಿಂಗಳ ಕೊನೆಗೆ ಮುನ್ನೂರು ಮಂದಿ ಸದಸ್ಯರಿಗೆ ರಸೀತಿ ಬರೆಯಬೇಕಾಗಿದೆ ಎನ್ನಿ. ಲೆಕ್ಕವೆಲ್ಲ ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿ ಸಿದ್ಧವಾಗಿದೆ. ಕೂಡುವುದು, ಕಳೆಯುವುದು, ಬಡ್ಡಿ ಕಟ್ಟುವುದು, ಎಲ್ಲವನ್ನೂ ಅದು ಕಣ್ಣುಮುಚ್ಚಿ ತೆರೆಯುವುದರೊಳಗೆ ಮಾಡಿಬಿಡುತ್ತದೆ. ಆದರೆ 'ಈ 4,37,250 ರೂಪಾಯಿಯನ್ನು ಅಕ್ಷರದಲ್ಲಿ ಬರೆದುಕೊಡು' ಎಂದರೆ ಅದಕ್ಕೆ ಬಾಯಿಲ್ಲ.

ಇದರಲ್ಲೊಂದು ತಮಾಷೆಯೂ ಉಂಟು. ಥಾಯ್‌ಲೆಂಡಿನ ನಾಣ್ಯವಾದ ಬಾಟ್‌ನ ಮೊತ್ತವನ್ನು ಥಾಯ್ ಭಾಷೆಯ ಅಕ್ಷರಗಳಲ್ಲಿ ಬರೆದುಕೊಡುವ ಸೂತ್ರವೊಂದು ಅದೇ ಎಕ್ಸೆಲ್ಲಿನೊಳಗೆ ಕುಳಿತಿದೆ. ರೂಪಾಯಿಗೆ ಅಂಥ ಸೂತ್ರವಿಲ್ಲ. ನಮ್ಮ ಲಕ್ಷ, ಕೋಟಿಗಳಿಗೂ ಇಲ್ಲ. ಹಾಗಾದರೆ ನಮ್ಮ ಗುಮಾಸ್ತರು ಏನು ಮಾಡಬೇಕು? ತಯಾರಕರಿಗೆ ಕಾಗದ ಬರೆದು ಕಾಯಬಹುದು. ಇಲ್ಲವೆ, ಆ ಸೂತ್ರವನ್ನು ತಾವೇ ಬರೆದು ಎಕ್ಸೆಲ್ಲಿನೊಳಗೆ ಸೇರಿಸಿಬಿಡಬಹುದು. ಹೀಗೆ ಬೇರೊಬ್ಬರು ಮಾಡಿದ ಸಾಫ್ಟ್‌ವೇರಿನೊಳಗೆ ನಮಗೆ ಬೇಕಾದ ಕೆಲಸವನ್ನು ನಾವೇ ಬರೆದು ಕೂಡಿಸುವುದಕ್ಕೆ 'ಆಡ್-ಇನ್' ಎಂದು ಹೆಸರು. ಕನ್ನಡದಲ್ಲಿ ಸೇರ್ಪಡೆ ಎಂದು ಕರೆಯೋಣ.

ಬಾಡಿಗೆಯ ಮನೆಯಲ್ಲಿ ಇದ್ದವರಿಗೆ ಈ ವಿಷಯ ಬೇಗ ಅರ್ಥವಾದೀತು. ಮನೆ ಕಟ್ಟಿದವರು ಬೇರೆ, ವಾಸಮಾಡುವವರು ಬೇರೆ. ದೇವರ ಪಟ ತೂಗುಹಾಕಲು ಒಂದು ಮೊಳೆ, ಅಡುಗೆಮನೆಯಲ್ಲಿ ಡಬ್ಬಗಳಿಡಲು ಒಂದು ಹಲಗೆ, ಇಷ್ಟಿಲ್ಲದೆ ಸಂಸಾರ ಸಾಗದು. ಮನೆಯೊಡೆಯರು ಮೊಳೆ ಹೊಡೆಯಲು ಅಪ್ಪಣೆ ಕೊಡುತ್ತಾರೆಯೆ? ಕೊಟ್ಟ ಮೇಲೆ ಗೋಡೆ ಬಿರುಕುಬಿಟ್ಟರೆ ಹೊಣೆ ಯಾರದು? ಕಚೇರಿಯ ಸಾಫ್ಟ್‌ವೇರಿಗೆ ಸೇರ್ಪಡೆಗಳು ಬಂದ ಚರಿತ್ರೆಯೆಂದರೆ ಈ ಅಪ್ಪಣೆಯ ಚರಿತ್ರೆಯೇ. ಅದು ನಲವತ್ತು ವರ್ಷಗಳಿಗೆ ಮೇಲ್ಪಟ್ಟದ್ದು.

ಲೆಕ್ಕದ ಹಾಳೆಯನ್ನು ಸಣ್ಣ ಕಂಪ್ಯೂಟರಿನ ಮೇಲೆ ಮೊದಲು ತಂದುಕೊಟ್ಟವರು ಅಮೆರಿಕದ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್. ಬ್ರಿಕ್ಲಿನ್ ಆಗ ಹಾರ್ವರ್ಡಿನ ವಾಣಿಜ್ಯ ಶಾಲೆಯಲ್ಲಿ ವಿದ್ಯಾರ್ಥಿ. ಕರಿಹಲಗೆಯ ಮೇಲಿನ ಕೋಷ್ಟಕದಲ್ಲಿ ಒಂದು ಅಂಕಿ ಬದಲಾದರೆ ಅದನ್ನು ಅವಲಂಬಿಸಿದ್ದನ್ನೆಲ್ಲ ಒರೆಸಿ ಮತ್ತೆ ಬರೆಯಬೇಕಾಗುತ್ತಿದ್ದುದನ್ನು ಕಂಡು, ತಾನಾಗಿಯೇ ತಿದ್ದಿಕೊಳ್ಳುವ ಹಾಳೆಯೊಂದು ಇದ್ದರೆ ಎಷ್ಟು ಚೆನ್ನ ಎಂದು ಅವರಿಗೆ ಹೊಳೆಯಿತು. 1979ರಲ್ಲಿ ಆಪಲ್ 2 ಯಂತ್ರಕ್ಕೆ ಬಂದ ಅವರ 'ವಿಸಿಕ್ಯಾಲ್ಕ್' ಈ ಆಸೆಯನ್ನು ನೆರವೇರಿಸಿತು. ಆದರೆ ಆ ಮನೆಯಲ್ಲಿ ಮೊಳೆ ಹೊಡೆಯುವ ಅಪ್ಪಣೆ ಇರಲಿಲ್ಲ. ಅದು ಬಲ್ಲ ಕೆಲಸಗಳನ್ನು ಅದು ಹೇಳಿದ ಹಾಗೆ ಮಾಡಿಸಿಕೊಳ್ಳಬೇಕು, ಅಷ್ಟೆ.

1983ರ ಜನವರಿಯಲ್ಲಿ 'ಲೋಟಸ್ 1-2-3' ಮಾರುಕಟ್ಟೆಗೆ ಬಂತು. ಮಿಚ್ ಕಪೋರ್ ಮತ್ತು ಜೊನಾಥನ್ ಸ್ಯಾಕ್ಸ್ ಐಬಿಎಂ ಪಿಸಿಗಾಗಿ ಸಿದ್ಧಪಡಿಸಿದ ಈ ಪ್ರೋಗ್ರಾಮಿನಲ್ಲಿ, ಮೊದಲು ಯಾರೂ ಹೆಚ್ಚಿಗೆ ಗಮನಿಸದ ಸಣ್ಣ ಸೌಕರ್ಯವೊಂದಿತ್ತು. ಅದರ ಕೈಪಿಡಿ ಇದನ್ನು 'ಬೆರಳಚ್ಚಿಗೆ ಬದಲಿ' ಎಂಬರ್ಥದ ಸಾಧಾರಣ ಹೆಸರಿನಿಂದ ಕರೆಯಿತು. ಜನ ಕರೆದದ್ದು 'ಮ್ಯಾಕ್ರೋ' ಎಂದು. ಅದು ಕೆಲಸ ಮಾಡುತ್ತಿದ್ದ ಬಗೆ ಬಹಳ ಸರಳ. ಲೋಟಸ್‌ನಲ್ಲಿ ಓರೆಗೆರೆಯ ಕೀಲಿಯನ್ನು ಒತ್ತಿದರೆ ಆಜ್ಞೆಗಳ ಪಟ್ಟಿ ತೆರೆಯುತ್ತಿತ್ತು. ಆಮೇಲೆ ಪಿ, ಮತ್ತೊಮ್ಮೆ ಪಿ, ಬಳಿಕ ಜಿ ಒತ್ತಿದರೆ, ಮೊದಲೇ ಗುರುತುಮಾಡಿಟ್ಟ ಭಾಗ ಮುದ್ರಣವಾಗುತ್ತಿತ್ತು. ಈ ಅಕ್ಷರಗಳನ್ನೇ ಹಾಳೆಯ ಒಂದು ಚೌಕದಲ್ಲಿ ಬರೆದಿಟ್ಟು, ಆ ಚೌಕಕ್ಕೆ ಒಂದಕ್ಷರದ ಹೆಸರು ಕೊಟ್ಟರಾಯಿತು. ಮುಂದೆ 'ಆಲ್ಟ್' ಕೀಲಿಯೊಡನೆ ಆ ಅಕ್ಷರವನ್ನು ಒತ್ತಿದರೆ, ಬರೆದಿಟ್ಟ ಕೀಲಿಗಳನ್ನೆಲ್ಲ ಯಂತ್ರ ತಾನೇ ಒತ್ತಿಕೊಳ್ಳುತ್ತಿತ್ತು. ದಿನಕ್ಕೆ ಐವತ್ತು ಬಾರಿ ಮಾಡುತ್ತಿದ್ದ ಕೆಲಸ ಒಂದೇ ಬೆರಳಿನದಾಯಿತು.

ಇಲ್ಲಿ ಗಮನಿಸಬೇಕಾದದ್ದು ಒಂದುಂಟು. ಈ ಮ್ಯಾಕ್ರೋಗಳನ್ನು ಬರೆದವರಲ್ಲಿ ಬಹುಮಂದಿ ಕಂಪ್ಯೂಟರ್ ಕಲಿತ ಪಂಡಿತರಲ್ಲ. ಅವರು ಲೆಕ್ಕಿಗರು, ಉಗ್ರಾಣ ನೋಡಿಕೊಳ್ಳುವವರು, ಬ್ಯಾಂಕಿನ ನೌಕರರು. ತಮ್ಮ ಕೆಲಸದ ಕಷ್ಟ ಎಲ್ಲಿದೆಯೆಂದು ಅವರಿಗೆ ಗೊತ್ತಿತ್ತು. ಪರಿಹಾರವನ್ನೂ ಅವರೇ ಹುಡುಕಿಕೊಂಡರು.

ಮ್ಯಾಕ್ರೋ ಇದ್ದದ್ದು ಒಂದು ಹಾಳೆಯೊಳಗೆ. ಎಲ್ಲ ಹಾಳೆಗಳಿಗೂ ಒದಗುವಂತೆ, ಹೊರಗಿನವರು ಬರೆದು ಮಾರಬಹುದಾದ ಸೇರ್ಪಡೆಗಳಿಗೆ ಲೋಟಸ್ ಬಾಗಿಲು ತೆರೆದದ್ದು 1985ರ ಎರಡನೆಯ ಆವೃತ್ತಿಯಿಂದೀಚೆಗೆ. ಅವುಗಳಲ್ಲಿ 'ಆಲ್‌ವೇಸ್' ಎಂಬುದು ಹೆಸರುಮಾಡಿತು. ಲೋಟಸ್‌ನ ಮುದ್ರಣ ಬಡವಾಗಿತ್ತು. ಈ ಸೇರ್ಪಡೆ ಅದಕ್ಕೆ ಬಗೆಬಗೆಯ ಅಕ್ಷರಗಳನ್ನೂ ಗೆರೆಗಳನ್ನೂ ಛಾಯೆಗಳನ್ನೂ ಕೊಟ್ಟಿತು. ಇದನ್ನು ಬರೆದದ್ದು ಲೋಟಸ್ ಅಲ್ಲ, ಫಂಕ್ ಸಾಫ್ಟ್‌ವೇರ್ ಎಂಬ ಬೇರೊಂದು ಕಂಪನಿ. 1989ರ ಆವೃತ್ತಿಯಲ್ಲಿ ಲೋಟಸ್ ಕಂಪನಿ ಅದನ್ನು ತನ್ನ ಪೆಟ್ಟಿಗೆಯಲ್ಲೇ ಇಟ್ಟು ಮಾರಿತು. ಬಾಡಿಗೆದಾರ ಹಾಕಿಕೊಂಡ ಹಲಗೆಯನ್ನು ಮನೆಯೊಡೆಯ ಮೆಚ್ಚಿ ಉಳಿಸಿಕೊಂಡ ಹಾಗಾಯಿತು.

ಅಷ್ಟರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಎಕ್ಸೆಲ್ ಹುಟ್ಟಿತ್ತು. 1985ರಲ್ಲಿ ಮ್ಯಾಕಿಂಟಾಷ್ ಯಂತ್ರಕ್ಕೂ 1987ರಲ್ಲಿ ವಿಂಡೋಸಿಗೂ ಅದು ಬಂತು. ಅದಕ್ಕೂ ತನ್ನದೇ ಆದ ಮ್ಯಾಕ್ರೋ ಭಾಷೆ ಇತ್ತು. ಆದರೆ ಕಲಿಯಲು ತೊಡಕಿನದು. ಬೇರೆ ಏನಾದರೂ ಬೇಕು ಎಂದು ಕಂಪನಿಯವರು ಯೋಚಿಸಿ, ಬೇಸಿಕ್ ಭಾಷೆಯ ಕಡೆಗೆ ತಿರುಗಿದರು. ಬೇಸಿಕ್ ಎಂಬುದು 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಎಂಬ ಅಧ್ಯಾಪಕರು ಮಾಡಿದ ಭಾಷೆ. ವಿಜ್ಞಾನ ಓದದ ವಿದ್ಯಾರ್ಥಿಗಳಿಗೂ ಕಂಪ್ಯೂಟರು ಒದಗಬೇಕೆಂಬುದು ಅವರ ಉದ್ದೇಶ. ಅಂದಮೇಲೆ ಗುಮಾಸ್ತರಿಗೆ ಅದಕ್ಕಿಂತ ತಕ್ಕ ಭಾಷೆ ಇನ್ನಾವುದು?

ಈ ಕೆಲಸದ ಯೋಜನೆಯನ್ನು ಬರೆದವರು ಜೋಯೆಲ್ ಸ್ಪೋಲ್ಸ್ಕಿ ಎಂಬ ತರುಣ. 1992ರ ಜೂನ್‌ನಲ್ಲಿ ಬಿಲ್ ಗೇಟ್ಸ್ ಅದನ್ನು ಪರೀಕ್ಷಿಸಲು ಕುಳಿತರು. ಆ ಸಭೆಯ ಕಥೆಯನ್ನು ಸ್ಪೋಲ್ಸ್ಕಿಯವರೇ ಆಮೇಲೆ ಬರೆದಿದ್ದಾರೆ. ಐನೂರು ಪುಟಗಳಷ್ಟಿದ್ದ ಯೋಜನೆಯನ್ನು ಗೇಟ್ಸ್ ಓದಿ, ಅಂಚಿನಲ್ಲೆಲ್ಲ ಟಿಪ್ಪಣಿ ಮಾಡಿದ್ದರಂತೆ. ಪ್ರಶ್ನೆಗಳು ಕಠಿಣವಾಗುತ್ತ ಹೋಗಿ, ಕಡೆಗೆ ದಿನಾಂಕದ ಲೆಕ್ಕಕ್ಕೆ ಬಂದವು: ಎಕ್ಸೆಲ್ಲಿನ ದಿನಾಂಕಕ್ಕೂ ಬೇಸಿಕ್ಕಿನ ದಿನಾಂಕಕ್ಕೂ ತಾಳೆಯಾಗುತ್ತದೆಯೆ? ಸ್ಪೋಲ್ಸ್ಕಿಯವರ ಉತ್ತರ ಸಿದ್ಧವಿತ್ತು. ಆಗುತ್ತದೆ, 1900ರ ಜನವರಿ, ಫೆಬ್ರವರಿ ತಿಂಗಳುಗಳ ಹೊರತು!

ಏನಿದು ವಿಚಿತ್ರ ಎಂದು ನೀವು ಕೇಳಬಹುದು. ಎಕ್ಸೆಲ್ ದಿನಗಳನ್ನು 1900ರ ಜನವರಿ 1ರಿಂದ ಒಂದು, ಎರಡು ಎಂದು ಎಣಿಸುತ್ತದೆ. ನಾಲ್ಕರಿಂದ ಭಾಗವಾಗುವ ವರ್ಷಕ್ಕೆ ಫೆಬ್ರವರಿಯಲ್ಲಿ 29 ದಿನ ಎಂಬುದು ಎಲ್ಲರಿಗೂ ಗೊತ್ತು. ಆದರೆ ಶತಮಾನ ತುಂಬುವ ವರ್ಷ 400ರಿಂದ ಭಾಗವಾಗದಿದ್ದರೆ ಆ ಹೆಚ್ಚಿನ ದಿನವಿಲ್ಲ. 2000ಕ್ಕೆ ಇತ್ತು, 1900ಕ್ಕೆ ಇರಲಿಲ್ಲ. ಲೋಟಸ್ ಮಾತ್ರ, ಮರೆವಿನಿಂದಲೋ ಕೆಲಸ ಹಗುರವಾಗಲೆಂದೋ, 1900ಕ್ಕೂ ಒಂದು ಫೆಬ್ರವರಿ 29ನ್ನು ಕೊಟ್ಟುಬಿಟ್ಟಿತ್ತು. ಎಕ್ಸೆಲ್ ಹುಟ್ಟುವ ಹೊತ್ತಿಗೆ ಅಸಂಖ್ಯಾತ ಹಾಳೆಗಳು ಆ ತಪ್ಪು ಎಣಿಕೆಯ ಮೇಲೆ ನಿಂತಿದ್ದವು. ತಪ್ಪನ್ನು ತಿದ್ದಿದರೆ ಅಲ್ಲಿಂದ ಬಂದ ಹಾಳೆಗಳ ದಿನಾಂಕಗಳೆಲ್ಲ ಒಂದೊಂದು ದಿನ ಸರಿಯುತ್ತಿದ್ದವು. ಆದ್ದರಿಂದ ಎಕ್ಸೆಲ್ಲಿನವರು ಗೊತ್ತಿದ್ದೂ ಆ ತಪ್ಪನ್ನು ಹಾಗೆಯೇ ಇಟ್ಟುಕೊಂಡರು. ಬೇಸಿಕ್ ಭಾಷೆ ತನ್ನ ಎಣಿಕೆಯನ್ನು ಒಂದು ದಿನ ಮೊದಲೇ, 1899ರ ಡಿಸೆಂಬರ್ 31ರಿಂದ, ಆರಂಭಿಸಿದ್ದರಿಂದ 1900ರ ಮಾರ್ಚ್ 1ರಿಂದಾಚೆಗೆ ಎರಡೂ ತಾಳೆಯಾದವು. ಇಂದಿಗೂ ವಿಂಡೋಸಿನ ಎಕ್ಸೆಲ್ಲಿನಲ್ಲಿ ಒಂದು ಚೌಕದಲ್ಲಿ 60 ಎಂದು ಬರೆದು, ಅದನ್ನು ದಿನಾಂಕದ ರೂಪಕ್ಕೆ ತಿರುಗಿಸಿ ನೋಡಿ. ಎಂದೂ ಇಲ್ಲದಿದ್ದ 1900ರ ಫೆಬ್ರವರಿ 29 ನಿಮ್ಮ ಕಣ್ಣೆದುರಿಗೆ ಬರುತ್ತದೆ.

ಇದನ್ನು ಬರಿಯ ತಮಾಷೆಯೆಂದು ನಗುವ ಹಾಗಿಲ್ಲ. ಪರರಿಗೆ ಕಟ್ಟಿಕೊಳ್ಳಲು ಅವಕಾಶ ಕೊಟ್ಟ ಮೇಲೆ ನಮ್ಮ ತಪ್ಪು ನಮ್ಮದಾಗಿ ಉಳಿಯುವುದಿಲ್ಲ; ಅದು ಅವರ ಕಟ್ಟಡದ ತಳಪಾಯವಾಗುತ್ತದೆ. ಅದನ್ನು ಕೀಳಹೋದರೆ ಮೇಲಿನದೂ ಅಲುಗುತ್ತದೆ. ದೊಡ್ಡ ಕಂಪನಿಗೆ ಹೇಗೋ, ರಸೀತಿ ಬರೆಯುವ ನಮ್ಮ ಗುಮಾಸ್ತರಿಗೂ ಈ ಮಾತು ಹಾಗೆಯೇ ಸಲ್ಲುತ್ತದೆ.

1993ರಲ್ಲಿ ಎಕ್ಸೆಲ್ಲಿನ ಐದನೆಯ ಆವೃತ್ತಿ ಹೊಸ ಭಾಷೆಯನ್ನು ಹೊತ್ತು ಬಂತು. ಅದರ ಹೆಸರು 'ವಿಷುಯಲ್ ಬೇಸಿಕ್ ಫಾರ್ ಅಪ್ಲಿಕೇಷನ್ಸ್', ಮೊದಲಕ್ಷರಗಳಿಂದ ವಿಬಿಎ. ನಿಮ್ಮ ಮನೆಯಲ್ಲಿ ಧ್ವನಿಮುದ್ರಣ ಯಂತ್ರವಿದ್ದರೆ, ಹಾಡನ್ನು ಒಮ್ಮೆ ಹಿಡಿದಿಟ್ಟುಕೊಂಡು ಬೇಕಾದಾಗ ಕೇಳುತ್ತೀರಿ. ಇದರಲ್ಲೂ ನೀವು ಮಾಡುವ ಕೆಲಸವನ್ನು ಒಮ್ಮೆ ಹಿಡಿದಿಟ್ಟು ಬೇಕಾದಾಗ ನಡೆಸಬಹುದು. ಮೇಲಾಗಿ, ಹಿಡಿದಿಟ್ಟದ್ದನ್ನು ಅದು ವಿಬಿಎ ಭಾಷೆಯಲ್ಲಿ ಬರೆದು ತೋರಿಸುತ್ತದೆ. ನೋಡಿ ಕಲಿಯಬಹುದು, ತಿದ್ದಲೂಬಹುದು. ಎಷ್ಟೋ ಮಂದಿ ಗುರುವಿಲ್ಲದೆ ಪ್ರೋಗ್ರಾಂ ಬರೆಯಲು ಕಲಿತದ್ದು ಹೀಗೆ.

ಈಗ ನಮ್ಮ ರೂಪಾಯಿಯ ಲೆಕ್ಕಕ್ಕೆ ಬರೋಣ. ಡಾಲರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ವಿಬಿಎ ಮಾದರಿಯೊಂದನ್ನು ಮೈಕ್ರೋಸಾಫ್ಟಿನವರೇ ಪ್ರಕಟಿಸಿದ್ದಾರೆ. ಅದರಲ್ಲಿ ಡಾಲರಿನ ಬದಲು ರೂಪಾಯಿ ಎಂದು ಹಾಕಿದರೆ ಸಾಕೆಂದು ತೋರಬಹುದು. ಸಾಲದು. ಅಲ್ಲಿ ಅಂಕಿಗಳನ್ನು ಮೂರು ಮೂರಾಗಿ ಒಡೆಯುತ್ತಾರೆ. ನಮ್ಮಲ್ಲಿ ಕೊನೆಯ ಮೂರರ ನಂತರ ಎರಡೆರಡಾಗಿ ಒಡೆದು ಸಾವಿರ, ಲಕ್ಷ, ಕೋಟಿ ಎನ್ನುತ್ತೇವೆ. ಇದನ್ನು ಸರಿಪಡಿಸುವುದು ದೊಡ್ಡದಲ್ಲ. ಭಾಷೆ ಕನ್ನಡವಾದಾಗ ನಿಜವಾದ ಕೆಲಸ ಆರಂಭವಾಗುತ್ತದೆ. ಇಂಗ್ಲಿಷಿನಲ್ಲಿ ನೂರು ಎಂಬ ಮಾತು ಎಲ್ಲಿಟ್ಟರೂ ಒಂದೇ. ನಾವಾದರೋ ಎರಡು ನೂರು ಎನ್ನದೆ ಇನ್ನೂರು ಎನ್ನುತ್ತೇವೆ. ಮುನ್ನೂರು, ಐನೂರು, ಒಂಬೈನೂರು ಎನ್ನುತ್ತೇವೆ. ಮುಂದೆ ಅಂಕಿಯಿದ್ದರೆ ನೂರು ಎಂಬುದು ನೂರ ಆಗುತ್ತದೆ, ಸಾವಿರವು ಸಾವಿರದ ಆಗುತ್ತದೆ, ಲಕ್ಷವು ಲಕ್ಷದ ಆಗುತ್ತದೆ. ಗುಮಾಸ್ತರ 4,37,250 ಎಂಬುದು 'ನಾಲ್ಕು ಲಕ್ಷದ ಮೂವತ್ತೇಳು ಸಾವಿರದ ಇನ್ನೂರ ಐವತ್ತು ರೂಪಾಯಿ'. ಆದರೆ 4,00,000 ಎಂದಾಗ 'ನಾಲ್ಕು ಲಕ್ಷ ರೂಪಾಯಿ' ಎಂದೇ ಆಗಬೇಕು. 'ಲಕ್ಷದ ರೂಪಾಯಿ' ಎಂದು ಅಚ್ಚಾದರೆ ಓದಿದವರು ನಕ್ಕಾರು. ಹೀಗಾಗಿ ಪ್ರತಿ ಹೆಜ್ಜೆಯಲ್ಲೂ 'ಮುಂದೆ ಇನ್ನೇನಾದರೂ ಉಳಿದಿದೆಯೆ?' ಎಂದು ಪ್ರೋಗ್ರಾಂ ಕೇಳಿಕೊಳ್ಳಬೇಕು.

ಇನ್ನೊಂದು ತೊಡಕುಂಟು. ಎಕ್ಸೆಲ್ಲಿನ ಚೌಕಗಳಲ್ಲಿ ಕನ್ನಡ ಚೆನ್ನಾಗಿ ಕೂರುತ್ತದೆ. ವಿಬಿಎ ಬರೆಯುವ ಕಿಟಕಿಯಲ್ಲಿ ಮಾತ್ರ ಕನ್ನಡ ಬರೆದರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ. ಆ ಕಿಟಕಿ ಯೂನಿಕೋಡ್ ಅಕ್ಷರಗಳನ್ನು ಅರಿಯದ ಹಳೆಯ ಕಾಲದ್ದು. ಇದಕ್ಕೆ ಉಪಾಯ ಸುಲಭ. ಒಂದರಿಂದ ತೊಂಬತ್ತೊಂಬತ್ತರವರೆಗಿನ ಹೆಸರುಗಳನ್ನೂ ನೂರುಗಳ ಹೆಸರುಗಳನ್ನೂ ಸೇರ್ಪಡೆಯದೇ ಆದ ಹಾಳೆಯೊಂದರ ಚೌಕಗಳಲ್ಲಿ ಬರೆದಿಟ್ಟು, ಪ್ರೋಗ್ರಾಂ ಅಲ್ಲಿಂದ ಎತ್ತಿಕೊಳ್ಳುವಂತೆ ಮಾಡಬೇಕು. ಕೊನೆಗೆ ಇದನ್ನು ಸಾಮಾನ್ಯ ಕಡತವಾಗಿ ಉಳಿಸದೆ ಸೇರ್ಪಡೆಯೆಂದು ಉಳಿಸಿ, ಎಕ್ಸೆಲ್ಲಿನ ಸೇರ್ಪಡೆಗಳ ಪಟ್ಟಿಯಲ್ಲಿ ಗುರುತು ಹಾಕಿದರೆ ಮುಗಿಯಿತು. ಅಂದಿನಿಂದ ಆ ಯಂತ್ರದಲ್ಲಿ ತೆರೆದ ಪ್ರತಿಯೊಂದು ಹಾಳೆಗೂ ಆ ಸೂತ್ರ ಒದಗುತ್ತದೆ.

ಇಷ್ಟು ಬಲವುಳ್ಳ ಬಾಗಿಲು ಸಜ್ಜನರಿಗೆ ಮಾತ್ರ ತೆರೆದಿರುತ್ತದೆಯೆ? 1995ರಲ್ಲಿ 'ಕಾನ್ಸೆಪ್ಟ್' ಎಂಬ ಮ್ಯಾಕ್ರೋ ವರ್ಡ್ ಕಡತಗಳ ಮೂಲಕ ಹರಡಿತು. ಸೋಂಕಿದ ಕಡತವನ್ನು ತೆರೆದೊಡನೆ ಅದು ವರ್ಡ್‌ನ ಮೂಲ ಮಾದರಿಯೊಳಗೆ ತನ್ನನ್ನು ಬರೆದುಕೊಳ್ಳುತ್ತಿತ್ತು; ಅಲ್ಲಿಂದ ಆ ಯಂತ್ರದಲ್ಲಿ ಉಳಿಸಿದ ಕಡತಗಳಿಗೂ ಅಂಟುತ್ತಿತ್ತು. ಮೈಕ್ರೋಸಾಫ್ಟಿನಿಂದಲೇ ಹೊರಟ ಒಂದು ಸಿಡಿಯಲ್ಲೂ ಅದು ಸೇರಿಕೊಂಡಿತ್ತು. ಅದು ದೊಡ್ಡ ಹಾನಿ ಮಾಡಲಿಲ್ಲ. ಹಾನಿ ಸಾಧ್ಯವೆಂದು ತೋರಿಸಿತು. 1999ರ ಮಾರ್ಚ್ 26ರಂದು ಬಂದ 'ಮೆಲಿಸ್ಸಾ', ತೆರೆದವರ ವಿಳಾಸಪಟ್ಟಿಯ ಮೊದಲ ಐವತ್ತು ಮಂದಿಗೆ ತಾನೇ ಇಮೇಲ್ ಕಳುಹಿಸಿಕೊಂಡು, ಕೆಲವೇ ದಿನಗಳಲ್ಲಿ ದೊಡ್ಡ ದೊಡ್ಡ ಕಂಪನಿಗಳ ಅಂಚೆಯನ್ನೇ ನಿಲ್ಲಿಸಿತು. ಅದನ್ನು ಬರೆದ ಡೇವಿಡ್ ಸ್ಮಿತ್‌ಗೆ 2002ರಲ್ಲಿ ಇಪ್ಪತ್ತು ತಿಂಗಳ ಸೆರೆವಾಸವಾಯಿತು. 2015ರ ಡಿಸೆಂಬರ್ 23ರಂದು ಉಕ್ರೇನಿನಲ್ಲಿ ಸುಮಾರು 2,25,000 ಗ್ರಾಹಕರ ಮನೆಗಳಲ್ಲಿ ಚಳಿಗಾಲದ ಸಂಜೆ ದೀಪಗಳು ಆರಿದವು. ವಿದ್ಯುತ್ ಕಂಪನಿಗಳ ಜಾಲದೊಳಕ್ಕೆ ದುಷ್ಕರ್ಮಿಗಳು ತಿಂಗಳುಗಳ ಹಿಂದೆಯೇ ನುಗ್ಗಿದ್ದರು. ನುಗ್ಗಿದ ದಾರಿ, ನೌಕರರಿಗೆ ಇಮೇಲಿನಲ್ಲಿ ಬಂದ ಮ್ಯಾಕ್ರೋ ಇದ್ದ ಕಡತ. 'ಮ್ಯಾಕ್ರೋ ನಡೆಯಲು ಅನುಮತಿ ಕೊಡಿ' ಎಂಬ ಕೋರಿಕೆಗೆ ಯಾರೋ ಒಬ್ಬರು ಒಪ್ಪಿಗೆ ಒತ್ತಿದ್ದರು.

ಬೀಗಗಳೂ ಬಂದವು. 2000ದ ಆಫೀಸ್ ಆವೃತ್ತಿ, ಬರೆದವರ ಗುರುತಿನ ಸಹಿಯಿಲ್ಲದ ಮ್ಯಾಕ್ರೋಗಳನ್ನು ತಡೆಯುವ ಏರ್ಪಾಡು ಮಾಡಿತು. 2007ರಲ್ಲಿ ಮ್ಯಾಕ್ರೋ ಇರುವ ಕಡತಕ್ಕೂ ಇಲ್ಲದ ಕಡತಕ್ಕೂ ಹೆಸರಿನ ಕೊನೆಯಲ್ಲೇ ವ್ಯತ್ಯಾಸ ಬಂತು. 2022ರ ಫೆಬ್ರವರಿಯಲ್ಲಿ, ಇಂಟರ್‌ನೆಟ್‌ನಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯಲಾಗುವುದೆಂದು ಮೈಕ್ರೋಸಾಫ್ಟ್ ಪ್ರಕಟಿಸಿತು. ಜುಲೈ ತಿಂಗಳಲ್ಲಿ ಬಳಕೆದಾರರ ಅಭಿಪ್ರಾಯಗಳನ್ನು ಕೇಳಿ ಕೆಲವು ದಿನ ಹಿಂದೆಗೆಯಿತು. ಅದೇ ತಿಂಗಳಲ್ಲಿ ಮತ್ತೆ ಜಾರಿಗೆ ತಂದಿತು. ಮೊದಲ ಮ್ಯಾಕ್ರೋ ರೋಗದಿಂದ ಈ ಬೀಗಕ್ಕೆ ಇಪ್ಪತ್ತೇಳು ವರ್ಷ ಹಿಡಿಯಿತೇಕೆ? ಕಾರಣ ನಿಮಗೆ ಆಗಲೇ ಹೊಳೆದಿರಬೇಕು. ಬಾಗಿಲನ್ನು ಮುಚ್ಚಿದರೆ ಕಳ್ಳರ ಜೊತೆಗೆ, ಅದೇ ಬಾಗಿಲಿನಿಂದ ದಿನವೂ ಓಡಾಡುತ್ತಿದ್ದ ಮನೆಮಂದಿಗೂ ತಡೆಯಾಗುತ್ತದೆ.

ಈ ನಡುವೆ ಸೇರ್ಪಡೆಗಳ ಹೊಸ ಜಾತಿಯೊಂದು ಬಂದಿದೆ. 2013ರ ಆಫೀಸ್‌ನಿಂದ ಆರಂಭವಾದ ಇವು ಜಾಲತಾಣಗಳ ಭಾಷೆಯಾದ ಜಾವಾಸ್ಕ್ರಿಪ್ಟಿನಲ್ಲಿ ಬರೆದವು. ಇವುಗಳ ಪ್ರೋಗ್ರಾಂ ಕಡತದೊಳಗೆ ಇರದೆ ದೂರದ ಸರ್ವರಿನಲ್ಲಿ ಇರುತ್ತದೆ. ಹಾಳೆಯನ್ನು ಓದಲು ಮಾತ್ರವೇ, ಬರೆಯಲೂ ಅಧಿಕಾರ ಬೇಕೇ ಎಂಬುದನ್ನು ಮೊದಲೇ ಪತ್ರವೊಂದರಲ್ಲಿ ತಿಳಿಸಬೇಕು. ವಿಬಿಎ ನಡೆಯದ ಕಡೆಯಲ್ಲೂ, ಅಂದರೆ ಬ್ರೌಸರಿನಲ್ಲಿ ತೆರೆದ ಎಕ್ಸೆಲ್ಲಿನಲ್ಲೂ, ಇವು ನಡೆಯುತ್ತವೆ. ಗೂಗಲ್ ಕಂಪನಿಯೂ ತನ್ನ ಹಾಳೆಗಳಿಗೆ 2014ರಲ್ಲಿ ಇಂಥ ಸೇರ್ಪಡೆಗಳನ್ನು ತಂದಿತು. ಭದ್ರತೆಯ ದೃಷ್ಟಿಯಿಂದ ಇದು ಮುಂದಿನ ಹೆಜ್ಜೆ, ಸಂದೇಹವಿಲ್ಲ. ಆದರೆ ಸರ್ವರು ನಡೆಸುವುದು ಸಹಕಾರ ಸಂಘದ ಗುಮಾಸ್ತರಿಗೆ ಅಷ್ಟು ಸುಲಭವೇ? ಊಟದ ವಿರಾಮದಲ್ಲಿ ಕುಳಿತು ತಾನೇ ಬರೆದು ತಾನೇ ಬಳಸುವ ಸಂತೋಷ ಅಲ್ಲಿ ಕಡಮೆ. ಲಾಭದೊಡನೆ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈ ಚರಿತ್ರೆಯಿಂದ ನಾವು ಕಲಿಯುವುದೇನು? ಪರಿಚಯವಿಲ್ಲದವರ ಕಡತ 'ಅನುಮತಿ ಕೊಡಿ' ಎಂದರೆ ಕೊಡಬೇಡಿ. ಪರಿಚಯವಿದ್ದವರದಾದರೂ ಒಂದು ಮಾತು ಕೇಳಿ ಕೊಡಿ; ಮೆಲಿಸ್ಸಾ ಬಂದದ್ದು ಪರಿಚಿತರ ಹೆಸರಿನಲ್ಲೇ. ನಿಮ್ಮ ಮನೆಯ ಮಗನೋ ಮಗಳೋ ಕಚೇರಿಗಾಗಿ ಇಂಥದನ್ನು ಬರೆಯುತ್ತಿದ್ದರೆ, ಹೊಗಳುವುದರ ಜೊತೆಗೆ ಎರಡು ಪ್ರಶ್ನೆ ಕೇಳಿ. ಸೊನ್ನೆಗೂ ಸರಿಯಾಗಿ ಒಂದು ಲಕ್ಷಕ್ಕೂ ಐವತ್ತು ಪೈಸೆಗೂ ಅದನ್ನು ಓಡಿಸಿ ನೋಡಿದ್ದೀಯಾ? ನಿನಗೆ ವರ್ಗವಾದರೆ ಆ ಜಾಗಕ್ಕೆ ಬಂದವರಿಗೆ ಅರ್ಥವಾಗುವಂತೆ ಬರೆದಿಟ್ಟಿದ್ದೀಯಾ?

ಬಾಡಿಗೆಯ ಮನೆಯನ್ನು ಬಿಟ್ಟುಹೋಗುವವರು ಗೋಡೆಯ ಮೊಳೆಗಳನ್ನು ಹೆಚ್ಚಾಗಿ ಹಾಗೆಯೇ ಬಿಟ್ಟಿರುತ್ತಾರೆ. ಹೊಸದಾಗಿ ಬಂದವರು ಅದಕ್ಕೆ ತಮ್ಮ ಪಟ ತೂಗುಹಾಕುತ್ತಾರೆ. ಹೊಡೆದವರು ಯಾರೆಂದು ಅವರಿಗೆ ಗೊತ್ತಿರುವುದಿಲ್ಲ. ಮೊಳೆ ಭದ್ರವಾಗಿರುತ್ತದೆಂದು ನಂಬಿರುತ್ತಾರೆ, ಅಷ್ಟೆ. ಸಂಘದ ಗುಮಾಸ್ತರು ನಿವೃತ್ತರಾಗಿ ಹತ್ತು ವರ್ಷಗಳಾದ ಮೇಲೂ ಅವರ ಸೂತ್ರ ರಸೀತಿಗಳ ಮೇಲೆ ಸದಸ್ಯರ ಹಣವನ್ನು ಅಕ್ಷರದಲ್ಲಿ ಬರೆಯುತ್ತಿದ್ದೀತು. ಆ ಅಕ್ಷರ ತಪ್ಪಾಗದಿರಲಿ.